‘ನಾಗಮಂಡಲ’ದಲ್ಲಿ ಆಣೆ ಮತ್ತು ಶಾಪ

ಆಣೆ, ಶಾಪ, ನಾಗ ಈ ಮೂರೂ ನಮ್ಮ ಸೀಮೆಗೆ ಹೊಸವಲ್ಲ. ಸಿದ್ಧಾಪುರದ ಕಡೆಯ ದೊಡ್ಮನೆಯಂಥ ಊರಿನಲ್ಲಿ ಕಾನಿನಂಚಿಗೆ ಚೌಡಿಯ ಕಲ್ಲು, ತೋಟದ ಮೂಲೆಗೆ ನಾಗನ ಕಲ್ಲು ಕಂಡೇ ಬೆಳೆದವರು ನಾವು. ಅಡಕೆಯ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆದರೆ ಶಿರಸಿಯ ಮಾರಿಕಾಂಬೆಯ ಆಣೆ ಬೀಳುವುದು. ಅದಕ್ಕೂ ತೀರದಿದ್ದರೆ ಧರ್ಮಸ್ಥಳದ ಮಂಜುನಾಥನವರೆಗೆ ಹೋಗುವುದು. ಆದುದರಿಂದ ಗಿರೀಶ ಕಾರ್ನಾಡರ (1938–2019) ‘ನಾಗಮಂಡಲ’ವನ್ನು ಕೇವಲ ಕೌತುಕದ ಕಥೆಯೆಂದು ಓದಿ ಕೆಳಗಿಡುವುದು ನಮ್ಮಿಂದಾಗದು. ಬಾಲ್ಯವನ್ನು ಶಿರಸಿಯಲ್ಲಿ ಕಳೆದವರು ಅವರು. ಎ. ಕೆ. ರಾಮಾನುಜನ್ನರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು 1988ರ ಸುಮಾರಿಗೆ ಈ ನಾಟಕವನ್ನು ರಚಿಸಿದರು. 1997ರಲ್ಲಿ ನಾಗಾಭರಣರು ಇದನ್ನು ಚಲಚ್ಚಿತ್ರವನ್ನಾಗಿಸಿದರು. ಅದರ ವಿಚಾರ ಇಲ್ಲಿ ಬೇಡ.

ನಾಟಕದ ಮೊದಲಿಗೇ ಒಂದು ಶಾಪ, ಒಂದು ಶಪಥ. ತನ್ನ ನಾಟಕಗಳಿಂದ ಜನರಿಗೆ ನಿದ್ದೆ ಬರಿಸಿದ ಲೇಖಕನೊಬ್ಬನಿಗೆ ಆ ನಿದ್ದೆಯೆಲ್ಲ ಕೂಡಿ ಮರಣಶಾಪವಾಗಿದೆ. ತಿಂಗಳೊಳಗೆ ಒಂದು ರಾತ್ರಿಯಾದರೂ ಪೂರ್ಣವಾಗಿ ಎಚ್ಚರವಿದ್ದರೆ ಬದುಕಿಯಾನು. (ಇಂಥ ಶಾಪಕ್ಕೆ ಪಾತ್ರರಾದ ಉಪಾಧ್ಯಾಯರೂ ಬಹಳ ಮಂದಿ ಇರುವೆವು!) ಬದುಕಿದರೆ ಇನ್ನು ಕಥೆಯ ಗೊಡವೆಗೇ ಹೋಗೆನೆಂದು ಅವನು ಶಪಥ ಮಾಡುತ್ತಾನೆ, ಕಥೆಯೇ ಹೆಣ್ಣಾಗಿ ಬಂದು ನಿಂತೊಡನೆ ಮುರಿಯುತ್ತಾನೆ. ದುರ್ವಾಸರ ಶಾಪಕ್ಕೆ ಉಂಗುರವೂ ಮೇಘದೂತದ ಯಕ್ಷನ ಶಾಪಕ್ಕೆ ಒಂದು ವರ್ಷವೂ ಅವಧಿಯಾದಂತೆ ಈತನ ಶಾಪಕ್ಕೆ ಕಥೆಯೇ ಅವಧಿ. ಕವಿಸಮಯವನ್ನು ಬಲ್ಲವರ ಕೈ ಇದು.

ಆದರೆ ನಾಟಕದ ಜೀವವಿರುವುದು ರಾಣಿಯ ಆಣೆಯಲ್ಲಿ. ಗಂಡ ಅಪ್ಪಣ್ಣನು ಅವಳನ್ನು ಮನೆಯೊಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುವನು. ಕುರುಡವ್ವ ಕೊಟ್ಟ ವಶೀಕರಣದ ಬೇರನ್ನು ಹಾಕಿದ ಅಡಿಗೆ ರಕ್ತವರ್ಣವಾಗಲು, ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುವಳು. ಅದನ್ನುಂಡ ನಾಗನು ಮೋಹಿತನಾಗಿ ಗಂಡನ ರೂಪದಿಂದ ರಾತ್ರಿ ಬರುವನು. ಅವಳು ಗರ್ಭಿಣಿಯಾದಾಗ ಪಂಚಾಯತಿ ಕೂಡುವುದು. ಅಲ್ಲಿಯ ವಾಡಿಕೆ ಕಾದ ಕಬ್ಬಿಣ ಹಿಡಿಯುವುದು. ಯಾಜ್ಞವಲ್ಕ್ಯನು ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ಐದು ದಿವ್ಯಗಳನ್ನು ಹೇಳಿ, ಹೆಂಗಸರಿಗೆ ತುಲೆಯನ್ನು ಮಾತ್ರ ವಿಧಿಸಿರುವನು. ಸ್ಮೃತಿಗಿದ್ದ ಅಷ್ಟು ಕರುಣೆಯೂ ಈ ಊರಿಗಿಲ್ಲ. ರಾಣಿ ಹುತ್ತಕ್ಕೆ ಕೈಯಿಕ್ಕಿ ನಾಗನನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡುಜೀವವನ್ನು ಮುಟ್ಟಿಲ್ಲವೆನ್ನುವಳು. ನಾಗನು ಅವಳ ತಲೆಯ ಮೇಲೆ ಹೆಡೆಯೆತ್ತುವನು.

ಶುಕಸಪ್ತತಿಯ ಹದಿನೈದನೆಯ ಕಥೆಯ ಶ್ರಿಯಾದೇವಿಯ ನೆನಪು ಇಲ್ಲಿ ಬಾರದಿರದು. ಹುಚ್ಚನ ವೇಷದ ಜಾರನು ಎಲ್ಲರೆದುರಿಗೆ ತನ್ನನ್ನು ಅಪ್ಪುವಂತೆ ಅವಳು ಹೂಡಿ, ಗಂಡನೂ ಈ ಹುಚ್ಚನೂ ಹೊರತು ಯಾರೂ ಮುಟ್ಟಿಲ್ಲವೆಂದು ಯಕ್ಷನ ಮುಂದೆ ಆಣೆಯಿಟ್ಟು ಪಾರಾಗುವಳು. ಪಾಶ್ಚಾತ್ಯರ ಐಸೋಲ್ಡೆಯೂ ಇಂಥವಳೇ. ಅವರ ಮಾತು ನಿಜ, ಮನಸ್ಸು ಸುಳ್ಳು. ರಾಣಿಯಲ್ಲಿ ಹಾಗಲ್ಲ. ರಾತ್ರಿ ಬಂದವನು ಗಂಡನೆಂದೇ ಅವಳು ನಂಬಿರುವಳು. ಅವಳ ಮಾತಿನ ಅರ್ಥ ಅವಳಿಗಿಂತ ಹಾವಿಗೇ ಚೆನ್ನಾಗಿ ಗೊತ್ತು. ಅಶ್ವತ್ಥಾಮನ ವಿಚಾರದಲ್ಲಿ ಧರ್ಮರಾಜನು ತಿಳಿದೂ ತಿಳಿದೂ ಅರ್ಧಸತ್ಯವನ್ನು ನುಡಿದು, ನೆಲದಿಂದ ನಾಲ್ಕಂಗುಲ ಮೇಲಿದ್ದ ರಥವನ್ನು ಕೆಳಗಿಳಿಸಿಕೊಂಡನು. ಇವಳು ತಿಳಿಯದೆ ಪೂರ್ಣಸತ್ಯವನ್ನಾಡಿ ದೇವಿಯಾದಳು. ಅರ್ಥವರಿಯದ ಆಣೆ ಆಣೆಯಾಗುವುದೇ ಎಂದು ನಾನು ಬಹುದಿನ ಶಂಕಿಸಿದ್ದೆ. ಆಗುವುದೆಂದೇ ಈಗ ತೋರುತ್ತದೆ. ಸಾಕ್ಷಿಯಾದ ದೈವಕ್ಕೆ ಅದು ಪೂರ್ತಿ ತಿಳಿದಿದ್ದಿತಷ್ಟೆ.

ನಾಗಶಾಪದಿಂದ ಸಂತಾನ ನಷ್ಟವೆಂಬುದು ನಮ್ಮ ಕಡೆಯ ನಂಬಿಕೆ. ಆಶ್ಲೇಷಾಬಲಿ, ಸರ್ಪಸಂಸ್ಕಾರಗಳು ಅದರ ಪರಿಹಾರಕ್ಕೇ ನಡೆಯುವುವು. ಇಲ್ಲಿ ನಾಗನೇ ತಂದೆ. ಕಡೆಗೆ ಅವನು ರಾಣಿಯ ಮುಡಿಯಲ್ಲಿ ಸಿಕ್ಕಿ ಸತ್ತಾಗ, ಮಗನೇ ಬೆಂಕಿಯಿಡಬೇಕೆಂದು ಅವಳು ಕೇಳುವಳು. ಆಗ ಅವಳಿಗೆ ಎಲ್ಲವೂ ತಿಳಿದಿದೆ. ಊರಿಗದು ಸರ್ಪಸಂಸ್ಕಾರ, ಅವಳಿಗೆ ಪಿತೃಕಾರ್ಯ. ಇಷ್ಟು ಮಿತವಾಗಿ ಇಷ್ಟು ದುಃಖವನ್ನು ನುಡಿದ ಸ್ಥಳ ಹೊಸಗನ್ನಡ ನಾಟಕಗಳಲ್ಲಿ ವಿರಳ. ದೀಪದ ಜ್ವಾಲೆಗಳು ಒಪ್ಪದಿರಲು ಹಾವನ್ನು ಬದುಕಿಸಿ ಮುಡಿಯಲ್ಲಿಡುವ ಇನ್ನೊಂದು ಮುಕ್ತಾಯವೂ ಉಂಟು. ಅದು ಮಧುರ, ಆದರೆ ಮೊದಲಿನದೇ ನನ್ನ ಮನಸ್ಸಿಗೆ ಹಿಡಿಸಿತು.

ಒಂದು ಆಕ್ಷೇಪ. ಅಗ್ನಿಸಾಕ್ಷಿಯಾಗಿ ಕೈಹಿಡಿದವಳನ್ನು ಬೀಗದಲ್ಲಿಟ್ಟ ಅಪ್ಪಣ್ಣನನ್ನು ಆಣೆ ಮಾಡೆಂದು ಹಿರಿಯರಲ್ಲಿ ಒಬ್ಬರೂ ಕೇಳರು. ಅವನ ಸೂಳೆಯೂ ಕೊನೆಗೆ ರಾಣಿಯ ಮನೆಗೆ ನೀರು ಹೊರಲು ಬರುವಳು. ಅವನಿಗೆ ಮಾತ್ರ ಹೆಂಡತಿ, ಮಗ, ಊರಿನ ಮಾನ ಎಲ್ಲವೂ ದೊರೆಯುವುದು. ಇದನ್ನು ಕವಿಯ ವ್ಯಂಗ್ಯವೆನ್ನುವರು. ಇರಬಹುದು. ಆದರೂ, ಮಗು ತನ್ನದಲ್ಲವೆಂಬುದನ್ನು ಬಲ್ಲ ಅಪ್ಪಣ್ಣನ ಬಾಯಿಂದ ಆ ರಾತ್ರಿ ಇನ್ನೊಂದೆರಡು ಮಾತು ಹೊರಟಿದ್ದರೆ ಕೇಳುವ ಆಸೆ ನನಗಿತ್ತು.