ಯಾದಗಿರಿಯ ಲ್ಯಾಬಿಗೆ ಯಾವ ಉಬುಂಟು?

ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಉಬುಂಟು ಹಾಕಿಸಲು ಹೊರಟವರಿಗೆ ಮೊದಲು ಎದುರಾಗುವುದು ಆವೃತ್ತಿಯ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್‌ಗೆ, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿಗೆ, ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನಡುನಡುವೆ ಆರು ತಿಂಗಳಿಗೊಂದರಂತೆ ಬರುವ ಹೊಸ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಗೂ ಡಿಟಿಪಿ ಅಂಗಡಿಗಳಿಗೂ ಎಲ್‌ಟಿಎಸ್ಸೇ ಸರಿ. ಹಾಗೆಂದು ಅದರ ಮೇಲಿನ ಹೊಗಳಿಕೆಯನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕಿಲ್ಲ.

2025ರ ಅಕ್ಟೋಬರ್‌ನಲ್ಲಿ ಬಂದ 25.10ನ್ನು ದೀಪಾವಳಿ ಹೊತ್ತಿಗೆ ಹಾಕಿಸಿದರೆ ಅದರ ಅವಧಿ 2026ರ ಜುಲೈಗೆ, ಹೊಸ ಶೈಕ್ಷಣಿಕ ವರ್ಷದ ಪಾಠ ಹದಕ್ಕೆ ಬರುವಾಗಲೇ, ಮುಗಿಯುತ್ತದೆ. 24.04 ಆದರೆ 2029ರವರೆಗೆ ಚಿಂತೆಯಿಲ್ಲ.

ಹೊಸತನಕ್ಕೆ ತೆರುವ ಬೆಲೆ ಇಷ್ಟೇ ಅಲ್ಲ. 25.10ರಲ್ಲಿ ಹಳೆಯ ಮೂಲ ಆದೇಶಗಳ ಬದಲು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದವನ್ನು ಸೇರಿಸಿದರು. ಅದರ 'ಡೇಟ್' ಆದೇಶದಲ್ಲಿದ್ದ ದೋಷದಿಂದ, ಹೊಸ ಅಪ್‌ಡೇಟ್ ಬಂದಿದೆಯೇ ಎಂದು ತಾನಾಗಿ ನೋಡಿಕೊಳ್ಳುವ ವ್ಯವಸ್ಥೆಯೇ ನಿಂತುಹೋಯಿತು. ತಿದ್ದುಪಡಿ ಬೇಗ ಬಂತು, ನಿಜ; ಆದರೆ ಅದನ್ನು ಕೈಯಾರೆ ಹಾಕಿಕೊಳ್ಳಬೇಕಿತ್ತು. ಬೆಂಗಳೂರಿನ ಎಂಜಿನಿಯರಿಗೆ ಇದು ಎರಡು ನಿಮಿಷದ ಕೆಲಸ. ಗಣಿತದ ಮೇಷ್ಟ್ರೇ ಲ್ಯಾಬನ್ನೂ ನೋಡಿಕೊಳ್ಳುವ ಶಾಲೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ.

ಹಳೆ ಆವೃತ್ತಿಗೆ ಹೊಸ ಲ್ಯಾಪ್‌ಟಾಪಿನ ವೈಫೈ ಹಿಡಿಯುವುದಿಲ್ಲ ಎಂಬ ದೂರೂ ಇದೆ. ಅದಕ್ಕೆ ಅರ್ಧ ಉತ್ತರ ಎಲ್‌ಟಿಎಸ್‌ನಲ್ಲೇ ಸಿಗುತ್ತದೆ. ಯಂತ್ರಾಂಶವನ್ನು ಗುರುತಿಸಿ ನಡೆಸುವುದು ಕರ್ನಲ್; 6.8 ಕರ್ನಲ್‌ನೊಂದಿಗೆ ಬಂದ 24.04ಕ್ಕೆ 2025ರ ಆಗಸ್ಟ್‌ನಲ್ಲಿ 24.04.3ರ ಮೂಲಕ 6.14 ಬಂತು.

ಡಿಟಿಪಿ ಅಂಗಡಿಯ ಸಂಕಟ ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥ ಯಂತ್ರದಲ್ಲಿ ಉಬುಂಟು ಚೆನ್ನಾಗಿಯೇ ಓಡುತ್ತದೆ. ಸೆಟ್ಟಿಂಗ್ಸಿನಲ್ಲಿ ಕನ್ನಡದ ಕಗಪ ಕೀಲಿಮಣೆ ಆರಿಸಿಕೊಂಡರೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ಒತ್ತಕ್ಷರಕ್ಕೆ ಅದೇ ಎಫ್ ಕೀಲಿಗೆ ಹೋಗುತ್ತದೆ. ಸಿಕ್ಕಿಬೀಳುವುದು ಹಳೆಯ ಫೈಲುಗಳಲ್ಲಿ. 2001ರ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳು ಇಲ್ಲಿ ಇದ್ದಂತೆಯೇ ತೆರೆದುಕೊಳ್ಳುತ್ತವೆಂಬ ಖಾತರಿಯಿಲ್ಲ. ಅದಕ್ಕಾಗಿ ಒಂದು ಹಳೆ ಯಂತ್ರವನ್ನು ಇಂಟರ್ನೆಟ್ ತಪ್ಪಿಸಿ ಉಳಿಸಿಕೊಳ್ಳುವುದು ವಿವೇಕ. ಅದೇ ಯಂತ್ರದಲ್ಲಿ ಗಿರಾಕಿಯ ಆಧಾರ್, ಪಹಣಿ ಡೌನ್‌ಲೋಡ್ ಮಾಡಿಕೊಡುವುದು ಅಪಾಯ.

ಎಲ್‌ಟಿಎಸ್‌ನ ನಿಜವಾದ ಕೊರತೆ ಅದರ ಐದು ವರ್ಷದ ಮಾತಿನಲ್ಲೇ ಇದೆ. ಆ ಭರವಸೆ 'ಮೇನ್' ಭಂಡಾರದ ತಂತ್ರಾಂಶಕ್ಕೆ ಮಾತ್ರ. ಮಕ್ಕಳು ಬಳಸುವ ಟಕ್ಸ್ ಪೇಂಟ್, ಸ್ಟೆಲೇರಿಯಂ ಇರುವುದು 'ಯೂನಿವರ್ಸ್' ಭಂಡಾರದಲ್ಲಿ. ಅವುಗಳಿಗೂ ಖಚಿತ ರಕ್ಷಣೆ ಬೇಕೆಂದರೆ ಉಬುಂಟು ಪ್ರೊ ಬೇಕು, ಅದು ವ್ಯಕ್ತಿಯೊಬ್ಬರಿಗೆ ಐದು ಯಂತ್ರಗಳವರೆಗಷ್ಟೇ ಉಚಿತ. ಸಣ್ಣ ಅಂಗಡಿಗೆ ಸಾಕು; ಲ್ಯಾಬಿಗೆ ಸಾಲದು.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಇದನ್ನೆಲ್ಲ ಒಂಟಿಯಾಗಿ ಎದುರಿಸಬೇಕಿಲ್ಲ. ಕೇರಳದ ಕೈಟ್ ಸಂಸ್ಥೆ ಉಬುಂಟು 18.04, ಆಮೇಲೆ 22.04 ಎಲ್‌ಟಿಎಸ್ ಆಧರಿಸಿ ಪಠ್ಯಕ್ಕೆ ಬೇಕಾದ ತಂತ್ರಾಂಶ ಸೇರಿಸಿದ ತನ್ನದೇ ಆವೃತ್ತಿ ಕಟ್ಟಿ ರಾಜ್ಯದ ಶಾಲೆಗಳಿಗೆ ಕೊಟ್ಟಿದೆ. ಯಾದಗಿರಿ ಜಿಲ್ಲೆಗೂ ಇಂಥದ್ದೊಂದು ಬೇಕು: ಕಗಪ, ಜಿಯೋಜೀಬ್ರಾ, ಕನ್ನಡ ಫಾಂಟುಗಳನ್ನು ಮೊದಲೇ ತುಂಬಿದ ಒಂದೇ ಎಲ್‌ಟಿಎಸ್ ಪೆನ್‌ಡ್ರೈವ್, ಬೇಸಿಗೆ ರಜೆ ಮುಗಿಯುವುದರೊಳಗೆ ಎಲ್ಲ ತಾಲ್ಲೂಕುಗಳ ಪ್ರೌಢಶಾಲೆಗಳ ಕೈಗೆ.