ಆರು ವೋಲ್ಟಿನ ಮೇಲೆ ಗೂಬೆ ಕೂರಿಸುವ ಮುನ್ನ

ಕೀಲಿ ತಿರುಗಿಸಿದರೆ ತಿಣುಕುತ್ತ ತಿರುಗುವ ಹಳೆಯ ಬೀಟಲ್ ಕಂಡೊಡನೆ ಸಲಹೆ ಸಿದ್ಧವಿರುತ್ತದೆ: 12 ವೋಲ್ಟಿಗೆ ಬದಲಾಯಿಸಿಬಿಡಿ. ಅಮೆರಿಕಕ್ಕೆ ಹೋಗುತ್ತಿದ್ದ ಬೀಟಲ್‌ಗಳಿಗೆ 1967ರ ಮಾಡೆಲ್‌ನಲ್ಲಿ 12 ವೋಲ್ಟ್ ಬಂತು. ಅಲ್ಲಿಯವರೆಗೆ ಲಕ್ಷಾಂತರ ಕಾರುಗಳು ಜರ್ಮನಿಯ ಚಳಿಯಲ್ಲೂ 6 ವೋಲ್ಟಿನಲ್ಲೇ ಎದ್ದು ಹೊರಟಿದ್ದವು. ಹಾಗಾಗಿ ನಾನು ಮೊದಲು ನೋಡುವುದು ಕೇಬಲ್ಲನ್ನು.

ಲೆಕ್ಕ ಸರಳ. ವೋಲ್ಟೇಜ್ ಅರ್ಧವಾದರೆ ಅಷ್ಟೇ ಕೆಲಸಕ್ಕೆ ಕರೆಂಟ್ ಇಮ್ಮಡಿ ಬೇಕು. 200 ಆಂಪಿಯರ್ ಹರಿಯುವ ದಾರಿಯಲ್ಲಿ 0.005 ಓಮ್ ತಡೆ ಇದ್ದರೂ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಅಂದರೆ ಆರರಲ್ಲೊಂದು ಪಾಲು. 12 ವೋಲ್ಟಾದರೆ 100 ಆಂಪಿಯರ್ ಸಾಕು. ನಷ್ಟ ಅರ್ಧ ವೋಲ್ಟ್, ಇಪ್ಪತ್ತನಾಲ್ಕರಲ್ಲೊಂದು ಪಾಲು. 6 ವೋಲ್ಟಿನ ಗಾಡಿ ತುಕ್ಕು ಹಿಡಿದ ಟರ್ಮಿನಲ್ಲನ್ನು ಸಹಿಸುವುದಿಲ್ಲ. ಎಷ್ಟೋ ಕಾರುಗಳಲ್ಲಿ ದಪ್ಪ ಕೇಬಲ್ ತೆಗೆದು ಹೊಸ ಕಾಲದ ತೆಳು ಕೇಬಲ್ ಹಾಕಿರುತ್ತಾರೆ. ಗೇರ್‌ಬಾಕ್ಸಿನ ಮುಂತುದಿಯ ಹೆಣೆದ ಅರ್ತ್ ಪಟ್ಟಿಯನ್ನಂತೂ ಯಾರೂ ನೋಡುವುದಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರಿನ ಮೇಲೆ ಕೂತಿರುವುದರಿಂದ ಸೆಲ್ಫಿನ ಕರೆಂಟು ಬ್ಯಾಟರಿಗೆ ಮರಳಬೇಕಾದದ್ದು ಆ ಪಟ್ಟಿಯ ಮೂಲಕವೇ. ಸೆಲ್ಫ್ ತಿರುಗುವಾಗ ಮೀಟರನ್ನು ಬ್ಯಾಟರಿಯ ಮೈನಸ್‌ಗೂ ಗೇರ್‌ಬಾಕ್ಸಿಗೂ ಹಿಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ರಾತ್ರಿ ಓಡಿಸಲು ಒಳ್ಳೆಯ ಬೆಳಕು ಬೇಕೆನ್ನುವವರಿಗೆ 12 ವೋಲ್ಟ್ ನ್ಯಾಯವಾದ ಆಯ್ಕೆ. ಡೈನಮೋ, ಕಟೌಟ್, ಕಾಯಿಲ್, ಬಲ್ಬು, ಹಾರ್ನ್, ಫ್ಲ್ಯಾಶರ್ ಬದಲಾಗಬೇಕು. ವೈಪರ್ ಮೋಟರಿಗೆ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಬೇಕು. ವೈರು ಚೆನ್ನಾಗಿದ್ದರೆ ಕೀಳಬೇಡಿ. ಕರೆಂಟ್ ಕಡಿಮೆಯಾದುದರಿಂದ ಅದರ ಮೇಲಿನ ಹೊರೆ ಇಳಿದಿರುತ್ತದೆ.

ಕಷ್ಟವಿರುವುದು ಸೆಲ್ಫಿನಲ್ಲಿ. 6 ವೋಲ್ಟಿನ ಬೀಟಲ್‌ನ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟಿನದಕ್ಕೆ 130. ಒಂದರ ಸೆಲ್ಫ್ ಇನ್ನೊಂದಕ್ಕೆ ಕೂರದು. ದೊಡ್ಡ ಫ್ಲೈವೀಲ್ ಹಾಕಲು ಹಳೆಯ ಗೇರ್‌ಬಾಕ್ಸಿನ ಹೌಸಿಂಗನ್ನು ಒಳಗಿನಿಂದ ಉಜ್ಜಬೇಕಾಗುತ್ತದೆ. ಒಮ್ಮೆ ಉಜ್ಜಿದ ಲೋಹ ಮರಳಿ ಬರುವುದಿಲ್ಲ, ನನಗೆ ಅದು ಒಪ್ಪಿಗೆಯಿಲ್ಲ. ಬಹಳ ಮಂದಿ ಹಳೆಯ ಸೆಲ್ಫಿಗೇ 12 ವೋಲ್ಟ್ ಕೊಡುತ್ತಾರೆ. ಅದು ರಭಸದಿಂದ ತಿರುಗಿ ಎಂಜಿನ್ ಥಟ್ಟನೆ ಹಿಡಿಯುತ್ತದೆ ನಿಜ, ಆದರೆ ಪಿನಿಯನ್ ಪ್ರತಿ ಸಲವೂ ಫ್ಲೈವೀಲಿನ ಹಲ್ಲಿಗೆ ಬಲವಾಗಿ ಬಡಿಯುತ್ತದೆ, ಕೀಲಿಯನ್ನು ಹಿಡಿದೇ ಇದ್ದರೆ ಸುರುಳಿ ಸುಡುತ್ತದೆ. ನುರಿತ ರಿವೈಂಡಿಂಗ್ ಕೈಯಲ್ಲಿ ಅದೇ ಸೆಲ್ಫನ್ನು 12ಕ್ಕೆ ಸುತ್ತಿಸುವುದು ನನ್ನ ಆಯ್ಕೆ.

ಸೆಲ್ಫಿನ ಹಸಿವು ಹೊಸ ಸಂಗತಿಯಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ 1912ರ ಕ್ಯಾಡಿಲ್ಯಾಕ್ ವ್ಯವಸ್ಥೆಯಲ್ಲಿ ದೀಪಗಳಿಗೆ 6 ವೋಲ್ಟ್, ಎಂಜಿನ್ ತಿರುಗಿಸುವ ಆ ಕ್ಷಣಕ್ಕೆ ಮಾತ್ರ 24 ವೋಲ್ಟ್. ಕೊನೆಗೊಂದು ಮಾತು: 12 ವೋಲ್ಟಿಗೆ ಬದಲಾಯಿಸುವವರು ಬಿಚ್ಚಿದ ಡೈನಮೋ, ಕಟೌಟ್, ಕಾಯಿಲ್‌ಗಳನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಎತ್ತಿಡಿ. ಮುಂದೆ ಆ ಕಾರನ್ನು ಕೊಳ್ಳುವವರು ಅದನ್ನು ಮೊದಲಿನಂತೆ ಮಾಡಲು ಬಯಸಬಹುದು.