ಗೋಡೆಯ ಮಾತು, ಕಡತದ ಮಾತು

ವಲಸೆಯ ವಸ್ತುಸಂಗ್ರಹಾಲಯವೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪ. 1892ರಲ್ಲಿ ತೆರೆದು 1954ರಲ್ಲಿ ಮುಚ್ಚಿದ ಆ ಠಾಣೆ 1990ರಲ್ಲಿ ಸಂಗ್ರಹಾಲಯವಾಯಿತು. ಸ್ವಾತಂತ್ರ್ಯದೇವಿಯ ಪ್ರತಿಮೆಯ ನೆರಳಿನಲ್ಲಿರುವ ಅದರ ಕಥೆ ಸಹಜವಾಗಿಯೇ ಸ್ವಾಗತದ ಕಡೆಗೆ ವಾಲುತ್ತದೆ. ಚಿಕ್ಕಬಳ್ಳಾಪುರ, ಚಿಂತಾಮಣಿಗಳಿಂದ ಮಕ್ಕಳನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿರುವ ನಮ್ಮಂಥವರು ನೋಡಬೇಕಾದದ್ದು ಅದನ್ನಲ್ಲ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪವನ್ನು. 1910ರಿಂದ 1940ರವರೆಗೆ ಅಲ್ಲಿದ್ದ ಠಾಣೆಯ ಕೆಲಸ ಬರಮಾಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ತಡೆಯುವುದಾಗಿತ್ತು.

1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. ಆದರೆ ಅಲ್ಲಿನ ನಾಗರಿಕರ ಮಕ್ಕಳಿಗೆ ದಾರಿಯಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಜನನದ ದಾಖಲೆಗಳು ಸುಟ್ಟುಹೋದ ಮೇಲೆ ಅನೇಕರು ಕಾಗದದ ಮೇಲಿನ ಮಕ್ಕಳಾಗಿ ಬಂದರು. ಅವರನ್ನು ಹಿಡಿಯಲು ಅಧಿಕಾರಿಗಳು ಊರಿನ ಬಾವಿ ಎಲ್ಲಿದೆ, ಸಾಲಿನಲ್ಲಿ ಎಷ್ಟು ಮನೆ, ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳುತ್ತಿದ್ದರು. ಉತ್ತರವನ್ನು ಬಂಧುಗಳ ಉತ್ತರದ ಜೊತೆ ತಾಳೆ ನೋಡುತ್ತಿದ್ದರು. ನಾನು ಶಿಡ್ಲಘಟ್ಟದವನು. ನಮ್ಮ ಹುಳು ಮನೆಯಲ್ಲಿ ಎಷ್ಟು ಚಂದ್ರಿಕೆ ಇದ್ದವು, ಕಿಟಕಿ ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ನಾನೂ ನನ್ನ ತಮ್ಮನೂ ಒಂದೇ ಉತ್ತರ ಕೊಟ್ಟೇವೆಂಬ ಭರವಸೆ ನನಗಿಲ್ಲ. ಒಡಹುಟ್ಟಿದವರೆಂಬುದನ್ನು ಅಂಥ ತಕ್ಕಡಿಯಲ್ಲಿ ತೂಗಿದರೆ ಎಷ್ಟು ಮನೆಗಳು ಉಳಿದಾವು?

ತಿಂಗಳುಗಟ್ಟಲೆ ಕೂಡಿಹಾಕಲ್ಪಟ್ಟವರು ಮರದ ಗೋಡೆಯ ಮೇಲೆ ಪದ್ಯ ಬರೆದರು, ಕೊರೆದರು. ಅಧಿಕಾರಿಗಳು ಅದನ್ನು ಗೀಚಾಟವೆಂದು ತಿಳಿದು ಮೆತ್ತಿಸಿದರು, ಬಣ್ಣ ಬಳಿಸಿದರು. ಅಕ್ಷರ ಅಳಿಸಲು ಬಳಿದ ಆ ಲೇಪವೇ ಮರಕ್ಕೆ ರಕ್ಷೆಯಾಯಿತು. 1970ರಲ್ಲಿ ಉದ್ಯಾನದ ಕಾವಲುಗಾರ ಅಲೆಕ್ಸಾಂಡರ್ ವೈಸ್ ಅವುಗಳತ್ತ ಗಮನ ಸೆಳೆಯದಿದ್ದರೆ ಕಟ್ಟಡವೇ ನೆಲಸಮವಾಗುತ್ತಿತ್ತು. 1983ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹಳೆಯ ಆಸ್ಪತ್ರೆ 2022ರಲ್ಲಿ ಸಂಗ್ರಹಾಲಯವಾಯಿತು. ಇನ್ನೂರಕ್ಕೂ ಹೆಚ್ಚು ಚೀನೀ ಪದ್ಯಗಳು ದಾಖಲಾಗಿವೆ. ಯಾವ ವಿವರಣೆಯ ಫಲಕವೂ ಆ ಗೋಡೆಯಷ್ಟು ನಿಜ ಹೇಳುವುದಿಲ್ಲ ಎಂಬುದೇ ಈ ಸಂಗ್ರಹಾಲಯದ ದೊಡ್ಡ ಗುಣ.

ಆದರೆ ಗೋಡೆಯೂ ಎಲ್ಲರ ಪರವಾಗಿ ಮಾತಾಡುವುದಿಲ್ಲ. ಹೆಂಗಸರನ್ನು ಇರಿಸಿದ್ದ ಆಡಳಿತ ಕಟ್ಟಡ 1940ರ ಬೆಂಕಿಯಲ್ಲಿ ಹೋಯಿತು, ಅದರೊಡನೆ ಅವರು ಬರೆದಿರಬಹುದಾದ ಸಾಲುಗಳೂ ಹೋದವು. ಹಿಂದೂಸ್ತಾನದವರ ಗತಿಯೂ ಹೆಚ್ಚುಕಡಿಮೆ ಇದೇ. ಅವರಲ್ಲಿ ಹೆಚ್ಚಿನವರು ಪಂಜಾಬಿಗಳು. ಅವರ ಮಾತು ಸಿಗುವುದು ಬಹುಪಾಲು ವಿಚಾರಣೆಯ ಕಡತದಲ್ಲಿ, ಅಧಿಕಾರಿ ಕೇಳಿದ್ದಕ್ಕೆ ಕೊಟ್ಟ ಉತ್ತರವಾಗಿ. 1917ರ ಕಾಯ್ದೆ ನಮ್ಮ ನೆಲವನ್ನೇ ನಿಷಿದ್ಧ ವಲಯಕ್ಕೆ ಸೇರಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಪೌರತ್ವವೂ ಇಲ್ಲವೆಂದಾಯಿತು. 1946ರಲ್ಲಿ ಸಿಕ್ಕಿದ್ದು ವರ್ಷಕ್ಕೆ ನೂರು ಜನರ ಪಾಲು. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ನಮ್ಮ ಕನ್ನಡ ಮನೆಗಳು ಅಲ್ಲಿ ಬೇರೂರಿದ್ದು ಬಹುಪಾಲು ಅದಾದ ಮೇಲೆಯೇ. ನಮ್ಮ ಮಕ್ಕಳು ತಮ್ಮ ಜಾಣತನದಿಂದಲೇ ಹೋದರೆಂದು ನಾವು ಹೆಮ್ಮೆ ಪಡುತ್ತೇವೆ. ತಪ್ಪೇನಿಲ್ಲ, ಆದರೆ ಅರ್ಧ ಲೆಕ್ಕ. ಅವರಿಗಿಂತ ಮುಂಚೆ ಯಾರೋ ಆ ಗೋಡೆಯ ಒಳಗೆ ಕೂತಿದ್ದರು.

ಈ ಅಳತೆಗೋಲನ್ನು ನಮ್ಮೂರಿಗೂ ತರಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರಕಾರದ ಲೆಕ್ಕದಲ್ಲಿ 10, ಕಾಂಗ್ರೆಸ್ಸಿನ ಲೆಕ್ಕದಲ್ಲಿ 32. ಇಂದು ಅಲ್ಲಿ ವೀರಸೌಧವಿದೆ, ಚಿತ್ರಗಳಿವೆ. ಆದರೆ ಅಂದು ಬಾವುಟ ನೋಡಲು ಬಂದ ಸುತ್ತಲ ಹಳ್ಳಿಯವರು, ಕನ್ನಡದಲ್ಲೋ ತೆಲುಗಿನಲ್ಲೋ, ಮನೆಗೆ ಹೋಗಿ ಏನು ಹೇಳಿದರು? ಅದು ನಮ್ಮ ಮನೆಗಳಲ್ಲಿ ಉಳಿದಿದ್ದರೆ, ಅಜ್ಜಿಯೋ ತಾತನೋ ಹೇಳಿದ್ದನ್ನು ನೆನಪಿಟ್ಟವರು ಇದ್ದರೆ, ಬರೆದಿಡಲು ಈಗಲೂ ಕಾಲ ಮಿಂಚಿಲ್ಲ.